ಕೌಶಿಲ್ಲಾ ಮುಚ್ಚಿದ ಬಾಗಿಲು

ಮಂಗಳವಾರ ಬೆಳಗಿನ ಐದೂವರೆ. ವ್ರೇಡೆಬರ್ಗ್ ಕ್ರಿಕೆಟ್ ಮೈದಾನದ ಹಿಂದಿನ ಕಾಲುವೆ ಅಟ್ಲಾಂಟಿಕ್ ಸಮುದ್ರದ ತಡೆಗೋಡೆಯನ್ನು ಮುಟ್ಟುವ ಕಡೆ, ತೂಬಿನ ಕಟ್ಟೆಯ ಮೇಲೆ ಕೌಶಿಲ್ಲಾ ಬಿಸೂನ್ ನಿಂತಿದ್ದಾರೆ. ಮೊಣಕಾಲವರೆಗೆ ರಬ್ಬರ್ ಬೂಟು, ತಲೆಗೆ ಗಂಡನ ಹಳೆಯ ಟೋಪಿ, ಕೈಯಲ್ಲಿ ಹನ್ನೆರಡು ಅಡಿಯ ಕೊಕ್ಕೆಕೋಲು. ಬಾಗಿಲ ಮುಂದಿನ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡ ಕಸವನ್ನು ಎಳೆದೆಳೆದು ದಡಕ್ಕೆ ಹಾಕುತ್ತಿದ್ದಾರೆ. ಒಂದು ತೆಂಗಿನ ಚಿಪ್ಪು, ಎರಡು ಬಾಟಲಿ, ಒಂಟಿ ಚಪ್ಪಲಿ. ಉಳಿದದ್ದೆಲ್ಲ ಪ್ಲಾಸ್ಟಿಕ್ ಕೋಲು. ಪಂದ್ಯದ ದಿನ ಗಾಳಿ ತುಂಬಿಸಿ ಒಂದಕ್ಕೊಂದು ಬಡಿಯಲೆಂದು ಪ್ರೇಕ್ಷಕರಿಗೆ ಪುಕ್ಕಟೆಯಾಗಿ ಹಂಚುತ್ತಾರಲ್ಲ, ಅವು.

"ಹಳದಿ ಹೋದ ವರ್ಷದ್ದು," ಎನ್ನುತ್ತಾರೆ ಕೌಶಿಲ್ಲಾ, ಒಂದನ್ನು ಎತ್ತಿ ತೋರಿಸಿ. "ಕೆಂಪು ಅದಕ್ಕೂ ಮುಂಚೆ ಇದ್ದೋರದ್ದು. ಇವತ್ತು ಒಂದು ಹಸಿರೂ ಬಂದಿದೆ ನೋಡಿ. ಹಸಿರಿನೋರು ಊರು ಬಿಟ್ಟು ಏಳು ವರ್ಷ ಆಯ್ತು. ಮಾಲೀಕರಿಗಿಂತ ಅವರ ಪ್ಲಾಸ್ಟಿಕ್ಕೇ ಜಾಸ್ತಿ ದಿನ ಬಾಳುತ್ತೆ."

ನಮ್ಮ ತಂಡದ ಇತಿಹಾಸ ಬೇಕಾದವರು ಈ ಕಾಲುವೆಗೇ ಬರಬೇಕು. ತಂಡದ ಕಚೇರಿಗೆ ಹೋದರೆ ಸಿಗುವುದಿಲ್ಲ. ಅವರ ಅಂತರ್ಜಾಲ ತಾಣದಲ್ಲಿ 'ನಮ್ಮ ಇತಿಹಾಸ' ಎಂಬ ಪುಟ ತೆರೆದರೆ, ತಂಡ ಹುಟ್ಟಿದ್ದೇ ಹೋದ ವರ್ಷ ಎಂದಿದೆ. ಹಾಗಾದರೆ ಮೊದಲ ನಾಲ್ಕು ವರ್ಷ ಹಸಿರು ಅಂಗಿ ತೊಟ್ಟು 'ಕೇಮನ್ಸ್', ಅಂದರೆ ಮೊಸಳೆಗಳು, ಎಂದು ಆಡಿದವರು ಯಾರು? ಮೂರನೇ ವರ್ಷದ ಫೈನಲ್ಲಿನಲ್ಲಿ ಎರಡು ರನ್ನಿಗೆ ಸೋತಾಗ ಈ ಊರಿನಲ್ಲಿ ಒಲೆ ಹಚ್ಚದ ಮನೆಗಳಿದ್ದವು, ಅವರೆಲ್ಲ ಯಾರಿಗಾಗಿ ಉಪವಾಸ ಬಿದ್ದರು? ಆಮೇಲೆ ಬಂದ ಮಾಲೀಕರಿಗೆ ಮೊಸಳೆ ಹಿಡಿಸಲಿಲ್ಲ. ತಂಡ ಕೆಂಪಾಯಿತು, ಹದ್ದಾಯಿತು, 'ಹಾರ್ಪೀಸ್' ಆಯಿತು. ಐದು ವರ್ಷದಲ್ಲಿ ಒಮ್ಮೆ ಕಪ್ ಗೆದ್ದಿತು. ಆ ಕಪ್ಪನ್ನು ಅವರು ತಮ್ಮ ಹೊರದೇಶದ ಕಚೇರಿಗೆ ಹೊತ್ತುಕೊಂಡು ಹೋದರು, ನಾವು ಅದರ ಫೋಟೊ ನೋಡಿದೆವು. ಈಗ ಮೂರನೆಯವರು. ಹಳದಿ ಅಂಗಿ, 'ಕಿಸ್ಕಡೀಸ್'. ಬೆಳಗಾದರೆ ಪ್ರತಿ ಮನೆಯ ತಂತಿಯ ಮೇಲೂ ಕೂತು ಕಿರುಚುವ ಆ ಹಕ್ಕಿಯನ್ನೇ ಆರಿಸಿಕೊಂಡದ್ದು ಮಾತ್ರ ಅವರು ಊರನ್ನು ಕಂಡಿದ್ದಾರೆ ಎನ್ನುವುದಕ್ಕೆ ಇರುವ ಒಂದೇ ಸಾಕ್ಷಿ.

ಈ ಹನ್ನೊಂದು ವರ್ಷದಲ್ಲಿ ಬದಲಾಗದೆ ಉಳಿದದ್ದು ತೂಬು, ಮತ್ತು ತೂಬಿನ ಕೌಶಿಲ್ಲಾ. ಇಲ್ಲಿ ನೆಲ ಸಮುದ್ರಕ್ಕಿಂತ ತಗ್ಗು. ಬಿದ್ದ ಮಳೆಯೆಲ್ಲ ಕಾಲುವೆಗೆ ಇಳಿದು, ಇಳಿತದ ಹೊತ್ತಿಗೆ ಬಾಗಿಲು ಎತ್ತಿದರೆ ಮಾತ್ರ ಹೊರಗೆ ಹೋಗುತ್ತದೆ. ಉಬ್ಬರ ಏರುವ ಮೊದಲು ಬಾಗಿಲು ಇಳಿಸದಿದ್ದರೆ ಸಮುದ್ರವೇ ಒಳಗೆ ಬರುತ್ತದೆ. ದಿನಕ್ಕೆ ಎರಡು ಸಲ ಎತ್ತಬೇಕು, ಎರಡು ಸಲ ಇಳಿಸಬೇಕು. ಒಂದು ಸಲ ಪೂರ್ತಿ ಎತ್ತಲು ಹಿಡಿಕೆಯನ್ನು ನೂರಾ ಹದಿನೆಂಟು ಸುತ್ತು ತಿರುಗಿಸಬೇಕು. ಉಬ್ಬರ ಪ್ರತಿದಿನ ಮುಕ್ಕಾಲು ಗಂಟೆಯಷ್ಟು ತಡವಾಗುತ್ತ ಹೋಗುವುದರಿಂದ ಕೌಶಿಲ್ಲಾರ ಊಟ, ನಿದ್ದೆ, ಪೂಜೆ ಎಲ್ಲವೂ ಅದರ ಹಿಂದೆಯೇ ಸರಿಯುತ್ತವೆ. ಮಗಳ ಮದುವೆಯ ದಿನ ಧಾರೆ ಮುಗಿದ ಕೂಡಲೇ ಸೀರೆ ಎತ್ತಿ ಕಟ್ಟಿಕೊಂಡು ಬಂದು ಬಾಗಿಲು ಇಳಿಸಿ, ತಿರುಗಿ ಹೋಗುವಷ್ಟರಲ್ಲಿ ಹುಡುಗಿಯನ್ನು ಕಳಿಸಿಕೊಟ್ಟಾಗಿತ್ತು.

ಗಂಡ ಹೀರಾಲಾಲ್ ಮಾಡುತ್ತಿದ್ದ ಕೆಲಸ ಇದು. ಹತ್ತೊಂಬತ್ತು ವರ್ಷದ ಹಿಂದೆ ಹಿಡಿಕೆ ಕೈ ಜಾರಿ ಹಿಂದಕ್ಕೆ ಸುತ್ತಿ ಅವರ ಭುಜ ಮುರಿಯಿತು. ಎರಡು ವಾರದ ಮಟ್ಟಿಗೆಂದು ಬಂದ ಕೌಶಿಲ್ಲಾ ಮತ್ತೆ ಹೋಗಲಿಲ್ಲ. ಹೆಂಗಸಿನ ಕೈಲಿ ಆಗುತ್ತದೆಯೇ ಎಂದು ಕಾಲುವೆ ಮಂಡಳಿಯವರು ಒಂದು ವರ್ಷ ತನಿಖೆ ಮಾಡಿದರಂತೆ. ಆ ಒಂದು ವರ್ಷವೂ ಬಾಗಿಲು ಎತ್ತಿದ್ದು ಕೌಶಿಲ್ಲಾರೇ.

ಏಳು ಗಂಟೆಯ ಹೊತ್ತಿಗೆ ಹೊರಗಿನ ನೀರು ಒಳಗಿನದಕ್ಕಿಂತ ಕೆಳಗಿಳಿಯುತ್ತದೆ. ಕೌಶಿಲ್ಲಾ ಹಿಡಿಕೆ ತಿರುಗಿಸುತ್ತಾರೆ, ಬಾಗಿಲು ಕಿರುಗುಟ್ಟುತ್ತ ಮೇಲೇಳುತ್ತದೆ, ಕಂದು ನೀರು ಹೊರಗೆ ನುಗ್ಗುತ್ತದೆ. ಆಮೇಲೆ ಕಟ್ಟೆಯ ಮೇಲೆ ಕೂತು ರೊಟ್ಟಿಗೆ ಬೋರಾ ಎಂಬ ಉದ್ದ ಅಲಸಂದೆಕಾಯಿಯ ಪಲ್ಯ ಸುತ್ತಿಕೊಂಡು ತಿನ್ನುತ್ತ, ಚೀಲದಿಂದ ಪ್ಲಾಸ್ಟಿಕ್ ಹೊದಿಕೆಯ ಎರಡು ಹಾಳೆ ತೆಗೆಯುತ್ತಾರೆ. ಒಂದು ಈ ವರ್ಷದ ಉಬ್ಬರದ ಪಟ್ಟಿ. ಇನ್ನೊಂದು ತಂಡದ ಕಚೇರಿ ಹೋದ ವರ್ಷ ಬರೆಸಿದ ಮೂವತ್ತೆಂಟು ಪುಟದ ವರದಿಯ ಒಂದು ಪುಟ. ಅದರಲ್ಲಿ ಒಂದು ಸಾಲಿಗೆ ಪೆನ್ಸಿಲ್ಲಿನ ಗೆರೆ ಇದೆ: ತೂಬಿನ ನೌಕರರು ಬಾಗಿಲು ತೆರೆಯದಿದ್ದುದರಿಂದ ಮೈದಾನದಲ್ಲಿ ನೀರು ನಿಂತು ಪಂದ್ಯ ರದ್ದಾಯಿತು.

ಆ ಸಂಜೆ ನಾನೂ ಅಲ್ಲಿದ್ದೆ. ಜುಲೈ ಇಪ್ಪತ್ತೇಳು. ದೂರದೇಶದ ಟೀವಿಯವರ ಅನುಕೂಲ ನೋಡಿ ಪಂದ್ಯವನ್ನು ಏಳಕ್ಕೆ ಇಟ್ಟಿದ್ದರು. ಉಬ್ಬರದ ನೆತ್ತಿ ಏಳಕ್ಕೆ ಹತ್ತು ನಿಮಿಷ ಇರುವಾಗ. ಐದೂವರೆಗೆ ಮಳೆ ಹೊಡೆಯಿತು. ಮಧ್ಯಾಹ್ನದ ಉದ್ಘಾಟನೆಯಲ್ಲಿ ಹಂಚಿದ ಹಳದಿ ಕೋಲುಗಳು ಇಳಿತದ ಹೊತ್ತಿನಲ್ಲೇ ಜಾಲರಿಯನ್ನು ಮುಚ್ಚಿಹಾಕಿದ್ದರಿಂದ ಕಾಲುವೆ ಬರಿದಾಗಿರಲೇ ಇಲ್ಲ. ಕಚೇರಿಯ ಹುಡುಗರು ತಡೆಗೋಡೆಯ ಮೇಲೆ ನಿಂತು ಬಾಗಿಲು ಎತ್ತು ಎತ್ತು ಎಂದು ಕೂಗುತ್ತಿದ್ದರು. ಅವರ ಬೆನ್ನ ಹಿಂದೆಯೇ ಅಟ್ಲಾಂಟಿಕ್ ಗೋಡೆಯ ಮುಕ್ಕಾಲು ಏರಿ ನಿಂತಿತ್ತು. ಒಬ್ಬನೂ ತಿರುಗಿ ನೋಡಲಿಲ್ಲ. ಮೂವತ್ತೆಂಟು ಪುಟ ಬರೆದವರಿಗೂ ತಿರುಗಿ ನೋಡಬೇಕು ಎನ್ನಿಸಲಿಲ್ಲ. ತಲೆ ಚಚ್ಚಿಕೊಳ್ಳೋಣವೆಂದರೆ ನಮ್ಮ ತಲೆಗೇ ನೋವು.

ಈ ಸಲವೂ ಹಾಗೆಯೇ. ತವರಿನ ಮೊದಲ ಪಂದ್ಯ ಇದೇ ಶನಿವಾರ, ಸಂಜೆ ಏಳಕ್ಕೆ. ಉಬ್ಬರದ ನೆತ್ತಿ ಏಳೂ ಇಪ್ಪತ್ತಕ್ಕೆ. ಜನವರಿಯಲ್ಲೇ ಕೌಶಿಲ್ಲಾ ಉಬ್ಬರದ ಪಟ್ಟಿಯ ಒಂದು ಪ್ರತಿಯನ್ನು ಕಚೇರಿಗೆ ಕೊಟ್ಟು ಬಂದಿದ್ದರು. ಅದು ಎಲ್ಲಿ ಹೋಯಿತೋ, ಯಾರ ಚಹಾ ಲೋಟದ ಅಡಿಗೆ ಸೇರಿತೋ ದೇವರೇ ಬಲ್ಲ. ಇನ್ನೊಂದು ಪಂದ್ಯ ನೀರಿನಿಂದ ನಿಂತರೆ ತಂಡ ಬೇರೆ ಊರಿಗೆ ಹೋಗುತ್ತದೆ ಎಂದು ಮಾಲೀಕರು ಹೇಳಿಯಾಗಿದೆ. ಇನ್ನೊಂದು ದೂರು ಬಂದರೆ ತೂಬಿಗೆ ಬೇರೆಯವರನ್ನು ಹಾಕುವುದಾಗಿ ಮಂಡಳಿ ಕೌಶಿಲ್ಲಾರಿಗೆ ಪತ್ರ ಬರೆದಿದೆ.

ಬುಧವಾರ ಇನ್ನೊಂದು ಪತ್ರ ಬರುತ್ತದೆ, ತಂಡದ ಕಚೇರಿಯ ಪ್ರೆಸ್ಕಾಟ್ ಎಂಬವರಿಂದ. ಪಂದ್ಯದ ದಿನ ಕಾಲುವೆಯಲ್ಲಿ ಇಪ್ಪತ್ತು ಅಡಿ ಎತ್ತರದ ಗಾಳಿ ತುಂಬಿದ ಹಳದಿ ಕಿಸ್ಕಡೀ ತೇಲಲಿದೆ, ಟೀವಿಯಲ್ಲಿ ಚೆನ್ನಾಗಿ ಕಾಣಬೇಕು, ಆದ್ದರಿಂದ ಶನಿವಾರವಿಡೀ ಕಾಲುವೆಯನ್ನು ದಡದವರೆಗೆ ತುಂಬಿ ಇಡತಕ್ಕದ್ದು. ಮಳೆಗಾಲದಲ್ಲಿ, ಉಬ್ಬರದ ಹೊತ್ತಿನಲ್ಲಿ, ಮಳೆನೀರು ಬೀಳಬೇಕಾದ ಒಂದೇ ಪಾತ್ರೆಯನ್ನು ಮೊದಲೇ ತುಂಬಿ ಇಡಬೇಕಂತೆ, ಹಕ್ಕಿ ತೇಲಲಿ ಎಂದು. ಮಂಡಳಿಗೆ ಫೋನ್ ಮಾಡಿದರೆ, ಅವರು ಹೇಳಿದ ಹಾಗೆ ಮಾಡಿಬಿಡಮ್ಮ ಎಂಬ ಉತ್ತರ.

ಕೌಶಿಲ್ಲಾ ಪತ್ರವನ್ನು ಎರಡು ಸಲ ಓದಿ ಮೈದಾನದ ಮುಖ್ಯಸ್ಥ ಆಲ್ಟನ್ ಕ್ವಾಶಿಗೆ ಕೊಡುತ್ತಾರೆ. ಪಿಚ್ಚಿನ ಮೇಲೆ ರೋಲರ್ ಎಳೆಸುತ್ತಿದ್ದ ಕ್ವಾಶಿ ಓದಿ, ಬೆವರು ಒರೆಸಿಕೊಂಡು, ಆಕಾಶ ನೋಡುತ್ತಾರೆ.

"ಆಂಟಿ, ಕಾಲುವೆ ತುಂಬಿದ್ರೆ ನನ್ನ ಪಿಚ್ಚು ಹತ್ತು ನಿಮಿಷದ ಮಳೆಗೂ ಗಂಜಿ ಆಗುತ್ತೆ."

"ಗೊತ್ತಪ್ಪ."

"ಮತ್ತೆ ಏನ್ಮಾಡ್ತೀಯ? ಮಾತು ಕೇಳದಿದ್ರೆ ಕೆಲಸ ಹೋಗುತ್ತೆ. ಕೇಳಿದ್ರೂ ಹೋಗುತ್ತೆ."

"ಹೋಗೋದೇ ಆದ್ರೆ ನೆಲ ಒಣಗಿಸಿಟ್ಟು ಹೋಗ್ತೀನಿ."

ಶುಕ್ರವಾರವೆಲ್ಲ ಅವರು ಜಾಲರಿ ಬಿಟ್ಟು ಕದಲುವುದಿಲ್ಲ. ಹನ್ನೊಂದು ಗೋಣಿಚೀಲ ಕಸ ತೆಗೆಯುತ್ತಾರೆ. ಶನಿವಾರ ಹನ್ನೊಂದಕ್ಕೆ ಬಾಗಿಲು ಎತ್ತಿ, ಇಳಿತದ ಕೊನೆಯ ಗಳಿಗೆಯವರೆಗೂ ಬಿಟ್ಟಿದ್ದು, ಮೂರು ಗಂಟೆಗೆ ಇಳಿಸುತ್ತಾರೆ. ಅಷ್ಟೊತ್ತಿಗೆ ಕಾಲುವೆಯ ತಳ ಕಾಣುತ್ತಿದೆ. ದಡದಿಂದ ಕೆಸರಿನವರೆಗೆ ಆರು ಅಡಿ ಖಾಲಿ. ಆ ಆರು ಅಡಿಯಲ್ಲಿ, ಕೆಸರಿನ ಮೇಲೆ ಮಗ್ಗುಲಾಗಿ, ಕೊಕ್ಕು ಮಣ್ಣಿಗೆ ಹೂತು, ಕಚೇರಿಯವರು ಬೆಳಿಗ್ಗೆ ತಂದು ಕಟ್ಟಿದ್ದ ಇಪ್ಪತ್ತು ಅಡಿಯ ಕಿಸ್ಕಡೀ ಬಿದ್ದುಕೊಂಡಿದೆ. ಊರಿನ ಅರ್ಧ ಜನ ಪಂದ್ಯ ಮರೆತು ಅದನ್ನು ನೋಡಲು ಬಂದಿದ್ದಾರೆ.

ಮೂರೂವರೆಗೆ ಪ್ರೆಸ್ಕಾಟ್ ಬರುತ್ತಾರೆ. ಬಿಳಿ ಬೂಟು, ಕೊರಳಲ್ಲಿ ಮೂರು ಗುರುತಿನ ಚೀಟಿ. ಕೆಟ್ಟ ಮನುಷ್ಯನಲ್ಲ, ಆದರೆ ಹಕ್ಕಿಯ ಸ್ಥಿತಿ ನೋಡಿ ಅವರ ದನಿ ಏರುತ್ತದೆ. ಲಿಖಿತವಾಗಿ ಹೇಳಿದ್ದೆವು, ಮೇಲಿನವರಿಗೆ ಏನು ಉತ್ತರ ಕೊಡಲಿ, ಈಗಲೇ ಬಾಗಿಲು ಎತ್ತಿ ಸಮುದ್ರದ ನೀರನ್ನಾದರೂ ಒಳಗೆ ಬಿಡಿ ಎನ್ನುತ್ತಾರೆ. ಇಂಥ ಮಾತನ್ನು ಈ ಕರಾವಳಿಯಲ್ಲಿ ಯಾರೂ ತಮಾಷೆಗೂ ಆಡುವುದಿಲ್ಲ. ಕೌಶಿಲ್ಲಾ ಹಿಡಿಕೆಯನ್ನು ಕಳಚಿ ಕಂಕುಳಿಗೆ ಸಿಕ್ಕಿಸಿಕೊಳ್ಳುತ್ತಾರೆ.

"ಸ್ವಾಮಿ, ಆ ಗೋಡೆ ಹತ್ತಿ ಆಚೆ ನೋಡ್ಕೊಂಡು ಬನ್ನಿ," ಎನ್ನುತ್ತಾರೆ. "ಬಂದ ಮೇಲೂ ಬಾಗಿಲು ಎತ್ತು ಅಂದ್ರೆ, ಹಿಡಿಕೆ ನಿಮ್ಮ ಕೈಗೇ ಕೊಡ್ತೀನಿ."

ಪ್ರೆಸ್ಕಾಟ್ ಹತ್ತುತ್ತಾರೆ. ಆಚೆ ಏರುತ್ತಿರುವ ಸಮುದ್ರ ನೋಡುತ್ತಾರೆ. ಇಳಿದು ಬಂದು, ಹಿಡಿಕೆ ಕೇಳದೆ ಕಾರಿನ ಕಡೆ ನಡೆಯುತ್ತಾರೆ.

ಐದು ನಲವತ್ತಕ್ಕೆ ಮಳೆ. ಸುರಿದದ್ದು ಮುಕ್ಕಾಲು ಗಂಟೆ, ಹೋದ ವರ್ಷದಷ್ಟೇ ಜೋರಾಗಿ. ಮೈದಾನದ ನೀರು ಚರಂಡಿಗೆ, ಚರಂಡಿಯದು ಕಾಲುವೆಗೆ ಧುಮುಕುತ್ತದೆ. ಕೊಡೆಯಿಲ್ಲದೆ ನಿಂತ ಕೌಶಿಲ್ಲಾ ಕಣ್ಣು ಕೀಳದೆ ಅಳತೆಗಂಬ ನೋಡುತ್ತಿದ್ದಾರೆ. ಒಂದು ಅಡಿ, ಎರಡು, ಮೂರೂವರೆ. ಆಚೆ ಸಮುದ್ರ ಬಾಗಿಲನ್ನು ಗುದ್ದುತ್ತಿದೆ. ಐದು ಅಡಿಗೆ ಮಳೆ ನಿಲ್ಲುತ್ತದೆ. ದಡಕ್ಕೆ ಇನ್ನೂ ಒಂದು ಅಡಿ ಬಾಕಿ. ನನಗೆ ಅಳು ಬಂದಿತ್ತು, ಅದನ್ನು ಮಳೆಯ ಲೆಕ್ಕಕ್ಕೆ ಹಾಕಿ ಸುಮ್ಮನಾದೆ.

ಕ್ವಾಶಿ ಪಿಚ್ಚಿಗೆ ಹಾಸಿದ್ದ ಹೊದಿಕೆಗಳು ಸರಿದು, ಪಂದ್ಯ ನಲವತ್ತು ನಿಮಿಷ ತಡವಾಗಿ ಶುರುವಾಗುತ್ತದೆ. ಇನ್ನೊಂದು ವಿಷಯ. ಕಾಲುವೆಗೆ ನೀರು ಬಂದ ಹಾಗೆಲ್ಲ ಆ ಕಿಸ್ಕಡೀ ತಾನೇ ಕೊಕ್ಕು ಕಿತ್ತುಕೊಂಡು, ಮಣ್ಣು ತೊಳೆದುಕೊಂಡು, ನೆಟ್ಟಗೆ ಎದ್ದು ತೇಲತೊಡಗಿದೆ. ಟೀವಿಯಲ್ಲಿ ಬಹಳ ಚೆನ್ನಾಗಿ ಕಂಡಿತಂತೆ. ಇಷ್ಟು ಮಳೆಯಾದರೂ ಮೈದಾನವನ್ನು ಒಣಗಿಸಿಕೊಂಡ ತಂಡದ ಆಡಳಿತಕ್ಕೆ ವೀಕ್ಷಕ ವಿವರಣೆಯವರು ಮೂರು ಸಲ ಅಭಿನಂದನೆ ಹೇಳಿದರಂತೆ. ಕೌಶಿಲ್ಲಾರ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಕಿಸ್ಕಡೀಸ್ ಒಂಬತ್ತು ರನ್ನಿನಿಂದ ಸೋತರು, ಅದಕ್ಕೂ ಈಗ ಯಾರಾದರೂ ತೂಬನ್ನೇ ಬೈಯದಿದ್ದರೆ ಸಾಕು.

ಸೋಮವಾರ ನಾನು ಮತ್ತೆ ಹೋದಾಗ ಅವರು ಜಾಲರಿಯ ಮುಂದೆಯೇ ಇದ್ದಾರೆ. ದಡದ ತುಂಬ ಹೊಸ ಹಳದಿ ಕೋಲುಗಳು. ತಂಡ ಮತ್ತೆ ಮಾರಾಟವಾಗುವ ಸುದ್ದಿ ಆ ಬೆಳಿಗ್ಗೆಯ ಪತ್ರಿಕೆಯಲ್ಲಿ ಬಂದಿದೆ. ಹೇಳಿದೆ.

"ಯಾವ ಬಣ್ಣವಂತೆ?" ಎಂದಷ್ಟೇ ಕೇಳಿದರು.

ಮಂಡಳಿಯಿಂದ ಹೊಸ ಪತ್ರವೇನೂ ಬಂದಿಲ್ಲ, ಕೆಲಸ ಉಳಿದಿದೆ ಎಂದು ತಿಳಿದುಕೊಳ್ಳಬೇಕು. ಹಳೆಯ ವರದಿಯನ್ನು ತಿದ್ದುವ ಮಾತು ಮಾತ್ರ ಯಾರೂ ಎತ್ತಿಲ್ಲ. ಪತ್ರಿಕೆಯಲ್ಲಿ ಬರೆಯುತ್ತೇನೆ, ಏನಾದರೂ ಬೇಡಿಕೆ ಇದ್ದರೆ ಹೇಳಿ ಎಂದೆ. ಹಿಡಿಕೆಗೆ ವಿದ್ಯುತ್ ಯಂತ್ರ ಕೇಳಿಯಾರು, ಮಳೆಗೆ ಒಂದು ಸೂರು ಕೇಳಿಯಾರು ಎಂದುಕೊಂಡಿದ್ದೆ. ಅವರು ಚೀಲದಿಂದ ಆ ವರದಿಯ ಹಾಳೆ ತೆಗೆದು, ಪೆನ್ಸಿಲ್ ಗೆರೆಯ ಮೇಲೆ ಬೆರಳಿಟ್ಟರು.

"ಇಲ್ಲಿ, ತೆರೀಲಿಲ್ಲ ಅಂತ ಬರೆದಿದ್ದಾರೆ. ನಾನು ಮಲಗಿದ್ದೆ, ಮರೆತಿದ್ದೆ ಅನ್ನೋ ಹಾಗೆ. ಅವತ್ತು ಅಷ್ಟು ಜನ ಬೈತಾ ಇದ್ರೂ ನಾನೇ ನಿಂತು ಮುಚ್ಚಿ ಇಟ್ಟಿದ್ದು. ನಿಮ್ಮ ಪೇಪರ್‌ನಲ್ಲಾದ್ರೂ ಅದೊಂದನ್ನ ಸರಿಯಾಗಿ ಹಾಕಿ. ಬೇರೇನೂ ಬೇಡ."

ಹಾಕುತ್ತಿದ್ದೇನೆ. ಹೋದ ವರ್ಷ ಜುಲೈ ಇಪ್ಪತ್ತೇಳರಂದು ವ್ರೇಡೆಬರ್ಗ್ ತೂಬಿನ ಬಾಗಿಲನ್ನು ಕೌಶಿಲ್ಲಾ ಬಿಸೂನ್ ಮುಚ್ಚಿದರು, ಮುಚ್ಚಿಯೇ ಇಟ್ಟರು. ಊರಿಗೆ ಸಮುದ್ರ ಬರಲಿಲ್ಲ.