ಎಡಗಡೆಯ ಪುಟ

1998ರ ಆಗಸ್ಟ್‌ನಲ್ಲಿ, ಎಂಟನೇ ತರಗತಿಯಲ್ಲಿದ್ದ ನಾನು ಪಕ್ಕದ ಮನೆಯ ಆಯಿಗೆ ಬಂದಿದ್ದ ಸರ್ಕಾರಿ ನೋಟೀಸನ್ನು ಮೂರನೇ ಒಂದು ಭಾಗಕ್ಕೆ ಇಳಿಸಿ ಹೇಳಿದೆ. ಅರ್ಜಿ ಕೊಡಲು ಕೊನೆಯ ದಿನ ಯಾವುದು ಎಂಬುದು ನಾನು ಬಿಟ್ಟ ಭಾಗದಲ್ಲಿತ್ತು.

ಅದನ್ನು ಬರೆದಿದ್ದ ಶಾಲೆಯ ನೋಟ್‌ಬುಕ್ ಕಳೆದ ವಾರ ಟ್ರಂಕಿನ ತಳದಲ್ಲಿ ಸಿಕ್ಕಿತು. ಮುಚ್ಚಳ ತೆಗೆದಾಗ ನುಸಿಗುಳಿಗೆಯ ವಾಸನೆ, ಹಾಳೆ ತಿರುವಿದಾಗ ಹಳೆಯ ಕಾಗದದ ಮುಗ್ಗಲು ವಾಸನೆ. ಎಡಗಡೆಯ ಪುಟದಲ್ಲಿ ನೋಟೀಸಿನ ಪೂರ್ತಿ ನಕಲು, ಬಲಗಡೆಯದರಲ್ಲಿ ನನ್ನ ಸಾರಾಂಶ. ಅದರ ಕೆಳಗೆ ಕೆಂಪು ಶಾಯಿಯ ಗೆರೆಯೊಂದು ಶುರುವಾಗಿ ನಡುವೆಯೇ ನಿಂತಿದೆ. ಕನ್ನಡ ಅಕ್ಕೋರು ಪೆನ್ನು ಎತ್ತಿದ್ದು ಅಲ್ಲಿ...

ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಎನ್ನುತ್ತೇವೆ. ಅವರು ಮುದ್ದೇಬಿಹಾಳದಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದರು. ನಾವು ಹಳ್ಳಿಯ ಸಾಲಿ ಮುಗಿಸಿ ಆಗಷ್ಟೇ ನಿಡಗುಂದಿಯ ಹೈಸ್ಕೂಲಿಗೆ ಬಂದವರು. ಅವರು ಬೆತ್ತ ಹಿಡಿದವರಲ್ಲ, ಆದರೂ ಅವರ ಪಾಠದ ತಾಸು ಎಂದರೆ ಎಲ್ಲರಿಗೂ ಹೆದರಿಕೆ. ಸಾರಾಂಶ ಬರೆದವರನ್ನು ನಿಲ್ಲಿಸಿ, ಅವರ ಬರಹವನ್ನು ಒಂದೊಂದೇ ಪದ ಎಣಿಸುತ್ತ ಗಟ್ಟಿಯಾಗಿ ಓದುತ್ತಿದ್ದರು. ಮಿತಿ ಮೀರಿದ ಪದಕ್ಕೆ ಬಂದು ನಿಲ್ಲುತ್ತಿದ್ದರು.

"ಮೂವತ್ತೊಂದು. ಇದನ್ನ ಯಾರ ಕರದಿದ್ರು? ತಾನ ಎದ್ದು ಬಂತೇನ?"

ತರಗತಿ ನಗುತ್ತಿತ್ತು. ನಿಂತವರು ನಗುತ್ತಿರಲಿಲ್ಲ.

ಹಲಗೆಯ ಮೂಲೆಯಲ್ಲಿ ಅವರ ನಿಯಮ ಯಾವಾಗಲೂ ಇರುತ್ತಿತ್ತು, ಒರೆಸುವ ಹಾಗಿರಲಿಲ್ಲ: ಉದಾಹರಣೆ ಬಿಡಿ, ಅಂಕಿ ಬಿಡಿ, ಎರಡು ಸಲ ಬಂದದ್ದನ್ನು ಬಿಡಿ.

ಆ ವಾರ ಅವರು ಪಠ್ಯಪುಸ್ತಕ ಬೇಡವೆಂದರು. "ಮನಿಗೆ ಬಂದ ಕಾಗದ ಯಾವುದರ ತರ್ರಿ. ಲಗ್ನಪತ್ರಿಕಿ, ಬ್ಯಾಂಕಿಂದು, ಏನರ ಇರಲಿ. ಎಡಗಡಿ ಇದ್ದದ್ದ ಇದ್ದಂಗ ಬರೀರಿ, ಬಲಗಡಿ ಸಾರಾಂಶ, ಮೂರರಾಗ ಒಂದ ಪಾಲು."

ನಮ್ಮ ಊರಿಗೆ ಆಗ ಬರುತ್ತಿದ್ದದ್ದು ಒಂದೇ ಬಗೆಯ ಕಾಗದ. ಊರು ನಿಡಗುಂದಿಯ ಆಚೆ, ಕೃಷ್ಣೆಯ ದಂಡೆಯಲ್ಲಿತ್ತು. ಅಣೆಕಟ್ಟಿನ ಹಿನ್ನೀರಿಗೆ ಅದು ಮುಳುಗುವುದು ಖಚಿತವಾಗಿತ್ತು. ಯಾವ ವರ್ಷ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ಎದ್ದವರು ಮೊದಲು ಹೊಳೆಯ ಕಡೆಯ ಹೊಲಗಳ ಬಾಂದುಗಲ್ಲು ಕಾಣುತ್ತಿದೆಯೇ ಎಂದು ನೋಡುತ್ತಿದ್ದರು. ಮನೆಗಳ ಗೋಡೆಗೆ ಅಳತೆಯವರು ಸಂಖ್ಯೆ ಬರೆದು ಹೋಗಿದ್ದರು. ಒಂದು ಸಂಖ್ಯೆಗೆ ಸರ್ಕಾರ ಕಟ್ಟಲಿದ್ದ ಹೊಸ ಊರಿನಲ್ಲಿ ಒಂದು ಜಾಗ.

ಪಕ್ಕದ ಮನೆಯ ಆಯಿ ವಯಸ್ಸಾದ ವಿಧವೆ. ಅವಳ ಮನೆಗೂ ಮೈದುನನ ಮನೆಗೂ ನಡುವೆ ಒಂದೇ ಗೋಡೆ. ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ಅಳತೆಯವರು ಎರಡೂ ಮನೆಗೆ ಸೇರಿಸಿ ಒಂದೇ ಸಂಖ್ಯೆ ಬರೆದಿದ್ದರು, ಮೈದುನನ ಹೆಸರಿನಲ್ಲಿ. ತಕರಾರು ಇದ್ದವರು ಇಂಥ ದಿನದೊಳಗೆ ಅರ್ಜಿ ಕೊಡಬೇಕು, ತಪ್ಪಿದರೆ ತಕರಾರು ಇಲ್ಲವೆಂದು ತಿಳಿಯಲಾಗುವುದು ಎಂದು ನೋಟೀಸು ಹೇಳಿತ್ತು.

ಆಯಿಗೆ ಓದು ಬರುತ್ತಿರಲಿಲ್ಲ. ನಾನು ಅವಳ ಕಟ್ಟೆಯ ಮೇಲೆ ಕೂತು ನಕಲು ಮಾಡಿದೆ, ಸಾರಾಂಶ ಬರೆದೆ. ತೊಂಬತ್ತು ಪದ ಮೂವತ್ತಕ್ಕೆ ಇಳಿಯಿತು, ಒಂದೂ ಹೆಚ್ಚಿಲ್ಲ. ಅದನ್ನೇ ಓದಿ ಹೇಳಿದೆ.

"ಅರ್ಜಿ ಕೊಟ್ಟರ ಬ್ಯಾರೆ ಜಾಗ ಕೊಡತಾರಂತೇನ?"

"ಹೂಂ, ಆಯಿ."

"ಹಂಗಾರ ಕಸ ತೆಗಿಯೂದು ಮುಗೀಲಿ ತಗೋ. ಹೊಲ ಕಾಯೂದಿಲ್ಲ, ಸರಕಾರ ಕಾಯತೈತಿ."

ಐದು ದಿನ ಕಳೆದವು. ಮಧ್ಯಾಹ್ನದ ಊಟದ ನಂತರದ ತಾಸಿನಲ್ಲಿ ಅಕ್ಕೋರು ನನ್ನ ನೋಟ್‌ಬುಕ್ ತೆಗೆದರು. ಬಲಗಡೆಯ ಪುಟವನ್ನು ಎಣಿಸಿ ಮುಗಿಸಿದರು. ಮೂವತ್ತು. ಕೆಳಗೆ ಗೆರೆ ಎಳೆಯುತ್ತ ಎಡಗಡೆಯ ಪುಟಕ್ಕೆ ಕಣ್ಣು ಹಾಯಿಸಿದರು. ಪೆನ್ನು ನಿಂತಿತು.

"ಬಾ ಇಲ್ಲೆ. ಇದು ಖರೇ ನೋಟೀಸ್ ಏನು?"

"ಹೌದ್ರಿ ಅಕ್ಕೋರ. ನಮ್ಮ ಬಾಜೂ ಮನಿ ಆಯಿದು."

"ಆಕಿಗೆ ಎಡಗಡಿದು ಓದಿ ಹೇಳಿದ್ಯೋ, ಬಲಗಡಿದೋ?"

"ಬಲಗಡಿದ್ರಿ."

ಅವರು ಗೋಡೆಯ ಕ್ಯಾಲೆಂಡರ್ ನೋಡಿದರು. ನಾನೂ ನೋಡಿದೆ. ಕೊನೆಯ ದಿನ ಅದೇ ದಿನವಾಗಿತ್ತು.

ಆಮೇಲಿನದರಲ್ಲಿ ಕೆಲವು ಸ್ಪಷ್ಟವಾಗಿ ನೆನಪಿವೆ, ಕೆಲವು ಇಲ್ಲ. ನನ್ನ ಮುಂದೆ ಬಿಳಿ ಹಾಳೆ ಇಟ್ಟು "ಅರ್ಜಿ ಬರಿ, ನಾ ಬರೂದ್ರಾಗ ಮುಗಿಬೇಕು" ಎಂದು ಅವರು ಹೆಡ್ ಮಾಸ್ತರರ ಕೋಣೆಗೆ ಹೋದದ್ದು ನೆನಪಿದೆ. ಗಡಿಬಿಡಿಯಲ್ಲಿ "ಇವರಿಗೆ" ಎಂಬುದನ್ನೇ ಎರಡು ಸಲ ಬರೆದದ್ದು ನೆನಪಿದೆ. ಶಾಲೆಯ ಆಫೀಸಿನಲ್ಲಿ ಮೊಹರಿಗೆ ಬಳಸುವ ಶಿಕ್ಕಾ ಪ್ಯಾಡನ್ನು ತೊಡೆಯ ಮೇಲೆ ಹಿಡಿದು ಟಂಟಂ ಆಟೋದಲ್ಲಿ ಊರಿಗೆ ಹೋದೆವು. ದಾರಿಯುದ್ದಕ್ಕೂ ಅಕ್ಕೋರು ನಾನು ಬರೆದ ಅರ್ಜಿಯನ್ನು ಮತ್ತೆ ಮತ್ತೆ ಓದುತ್ತಿದ್ದರು. ಬೈದಿದ್ದರೆ ಹೆದರಿಕೆ ಕಡಿಮೆಯಾಗುತ್ತಿತ್ತೇನೋ... ಹೊಸ ಊರಿನಲ್ಲಿ ಎಲ್ಲರಿಗೂ ಮನೆ ಇದ್ದು, ಆಯಿಯೊಬ್ಬಳೇ ಮೈದುನನ ಬಾಗಿಲಲ್ಲಿ ಗಂಟು ಹಿಡಿದು ನಿಂತಂತೆ ಕಾಣುತ್ತಿತ್ತು.

ಆಯಿ ಹೊಲದಲ್ಲಿ ಕಳೆ ಕೀಳುತ್ತಿದ್ದಳು. ಸೀರೆಯ ನಿರಿಗೆ ಎತ್ತಿ ಹಿಡಿದು ಎರೆಮಣ್ಣಿನಲ್ಲಿ ಬರುತ್ತಿದ್ದ ಅಕ್ಕೋರನ್ನು ನೋಡಿ ನಕ್ಕಳು.

"ಸಾಲಿ ಬಿಟ್ಟು ಹೊಲಕ್ಕ ಬಂದೀರಿ? ಕುರ್ಪಿ ಕೊಡ್ಲೇನ್ರಿ?"

"ಮೊದಲ ಹೆಬ್ಬಟ್ಟು ಕೊಡು, ಆಯಿ. ಅರ್ಜಿಗೆ ಇವತ್ತ ಕಡೀ ದಿನ ಐತಿ."

ಆಯಿಯ ನಗು ಹೋಯಿತು. ನನ್ನ ಕಡೆ ತಿರುಗಿದಳು. "ಈಕಿ ಹೇಳಲಿಲ್ಲಲ್ಲ?"

ನಾನು ಬಾಯಿ ತೆರೆಯುವ ಮೊದಲೇ ಅಕ್ಕೋರು ಹೇಳಿದರು. "ಆಕಿದಲ್ಲ, ತಪ್ಪು ನಂದು. ಅಂಕಿ ಬಿಡು ಅಂತ ಕಲಿಸಿದಾಕಿ ನಾನು."

ನಾನು ಪ್ಯಾಡಿನ ಮುಚ್ಚಳ ತೆಗೆದು ಆಯಿಯ ಮುಂದೆ ಹಿಡಿದೆ.

ಬಾಗೇವಾಡಿಯ ಬಸ್ಸು ತಡವಾಗಿ ಬಂತು. ನಾವು ಮೂವರೂ ಅಲ್ಲಿ ಅರ್ಜಿ ಕೊಡಬೇಕಿದ್ದ ಕಚೇರಿ ಮುಟ್ಟಿದಾಗ ಐದು ದಾಟಿತ್ತು. ಗುಮಾಸ್ತರು ಕಪಾಟಿಗೆ ಕೀಲಿ ಹಾಕುತ್ತಿದ್ದರು.

"ನಾಳೆ ಬರ್ರಿ, ಅಕ್ಕೋರ. ಒಂದು ದಿನಕ್ಕ ಏನಾಗತೈತಿ?"

"ನಾಳೆ ಅನ್ನೂದು ನಿಮ್ಮ ನೋಟೀಸಿನ್ಯಾಗ ಇಲ್ಲರಿ."

ಗುಮಾಸ್ತರು ಅಕ್ಕೋರನ್ನು ನೋಡಿದರು, ಆಯಿಯ ಕಾಲಿನ ಕೆಸರನ್ನು ನೋಡಿದರು, ಮತ್ತೆ ಕೀಲಿ ತೆಗೆದರು. ಅರ್ಜಿಯ ಮೇಲೆ ಶಿಕ್ಕಾ ಬಿತ್ತು. ಅದರ ತಾರೀಖನ್ನು ಅಕ್ಕೋರು ಬೆಳಕಿಗೆ ಹಿಡಿದು ಎರಡು ಸಲ ಓದಿದರು.

ಮರುದಿನ ತರಗತಿಗೆ ಬಂದವರು ಮೊದಲು ಹಲಗೆಯ ಮೂಲೆಯ ನಿಯಮವನ್ನು ಅಂಗೈಯಿಂದ ಒರೆಸಿದರು. "ನಾ ಕಲಿಸಿದ್ದು ತಪ್ಪಿತ್ತು" ಎಂದರು. ಶಿಕ್ಷಕರೊಬ್ಬರು ಹಾಗೆ ಹೇಳಿದ್ದನ್ನು ನಾವು ಅದುವರೆಗೆ ಕೇಳಿರಲಿಲ್ಲ. "ಇನ್ನ ಮ್ಯಾಲೆ ಏನರ ಬಿಡೂ ಮುಂದ ಕೇಳಕೋರಿ, ಇದನ್ನ ಕೇಳಾವ್ರು ಯಾರು? ಅವರು ನಾಳೆ ಏನ ಮಾಡಬೇಕು? ಅದಕ್ಕ ಬೇಕಾದ್ದು ಒಂದೂ ಹೋಗಬಾರದು." ಆಮೇಲೆ ಅವರು ಪದ ಎಣಿಸಿದ್ದನ್ನು ನಾನು ಕೇಳಲಿಲ್ಲ.

ಅರ್ಜಿಯ ಉತ್ತರಕ್ಕೆ ಹನ್ನೊಂದು ತಿಂಗಳು ಹಿಡಿಯಿತು. ಅಷ್ಟೂ ದಿನ ಊರಿಗೆ ಜೀಪು ಬಂದರೆ ನಾನು ಒಳಗೆ ಹೋಗಿ ಕೂರುತ್ತಿದ್ದೆ. ಕೊನೆಗೆ ಹೊಸ ಪಟ್ಟಿಯಲ್ಲಿ ಆಯಿಗೆ ಬೇರೆ ಸಂಖ್ಯೆ ಬಂತು. ಹೊಸ ಊರಿನ ಆ ಮನೆಯಲ್ಲಿ ಅವಳು ಆರು ವರ್ಷ ಬದುಕಿದಳು. ಹಬ್ಬಕ್ಕೆ ಹೋದಾಗಲೆಲ್ಲ "ನಿಮ್ಮ ಅಕ್ಕೋರು ತಪ್ಪು ಕಲಿಸಿದ್ರೂ ಓಡಿ ಬಂದ್ರು ನೋಡು" ಎನ್ನುತ್ತಿದ್ದಳು. ನಿಜ ಹೇಳಬೇಕೆಂದು ಪ್ರತಿ ಸಲ ಅಂದುಕೊಳ್ಳುತ್ತಿದ್ದೆ... ಹೇಳಲಿಲ್ಲ. ನಕಲು ಮಾಡುವಾಗ ಆ ತಾರೀಖನ್ನು ನಾನು ಓದಿದ್ದೆ. ಮೂವತ್ತೊಂದನೇ ಪದವಾಗುತ್ತದೆ ಎಂದು ಹೆದರಿ ಬಿಟ್ಟಿದ್ದೆ. ಅಕ್ಕೋರಿಗೂ ಅದನ್ನು ಹೇಳಿರಲಿಲ್ಲ.

ಕಳೆದ ವಾರ ನಾನು ಕೆಲಸ ಮಾಡುವ ಪತ್ರಿಕೆಗೆ ಮುದ್ದೇಬಿಹಾಳದಿಂದ ಒಂದು ಸುದ್ದಿ ಬಂತು. ತೊಂಬತ್ತಕ್ಕೂ ಹೆಚ್ಚು ಪದಗಳಿದ್ದವು, ಪುಟದಲ್ಲಿ ಜಾಗ ಮೂರನೇ ಒಂದು ಭಾಗಕ್ಕಷ್ಟೇ ಇತ್ತು. ಕೆಲಸ ಮಾಡಿದ ಶಾಲೆಗಳ ಹೆಸರು ಬಿಟ್ಟೆ, ಸನ್ಮಾನಗಳನ್ನು ಬಿಟ್ಟೆ, ಸಂತಾಪ ಸೂಚಿಸಿದವರನ್ನು ಬಿಟ್ಟೆ. ಪುಟ ಕಳಿಸಿ ಮನೆಗೆ ಬಂದು ಟ್ರಂಕು ತೆರೆದೆ.

ಅಕ್ಕೋರ ಹೆಸರೊಂದನ್ನುಳಿದು, ಅಚ್ಚಾದದ್ದು ಇಷ್ಟು: ಮುದ್ದೇಬಿಹಾಳದ ನಿವೃತ್ತ ಕನ್ನಡ ಶಿಕ್ಷಕಿ ಬುಧವಾರ ನಿಧನರಾದರು. ಅವರಿಗೆ ಒಬ್ಬ ಮಗಳಿದ್ದಾರೆ. ಅಂತ್ಯಕ್ರಿಯೆ ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಊರಿನ ರುದ್ರಭೂಮಿಯಲ್ಲಿ ನಡೆಯಲಿದೆ.