ಲೇಹ್‌ನ ನೀರು ನಮ್ಮ ಅಂಗಳದಲ್ಲಿ ಹರಿದ ದಿನ

ಕಳೆದ ಭಾನುವಾರ ಲೇಹ್‌ನಿಂದ ಬಂದ ಬೀಗರನ್ನು ನಮ್ಮಪ್ಪ ಕೇಳಿದ ಮೊದಲ ಪ್ರಶ್ನೆ: "ನಿಮ್ಮೂರ್ಗೆ ನೀರು ಎಲ್ಲಿಂದ ಬತ್ತದೆ?"

ಬೀಗರು ಅಂತ ನಾನು ಬರೆದೆ ಅಷ್ಟೆ. ಅಪ್ಪ ಇನ್ನೂ ಒಪ್ಪಿರಲಿಲ್ಲ.

ತಂಗಿ ರಶ್ಮಿ ಚಂಡೀಗಢದಲ್ಲಿ ನರ್ಸ್. ಅವಳ ಜೊತೆ ಕೆಲಸ ಮಾಡುವ ಲೇಹ್‌ನ ಹುಡುಗ ನಾಮ್‌ಗ್ಯಾಲ್‌ನನ್ನು ಮದುವೆಯಾಗುತ್ತೇನೆ ಅಂತ ಐದು ತಿಂಗಳ ಹಿಂದೆ ಫೋನಿನಲ್ಲಿ ಹೇಳಿದಳು.

ಅವತ್ತಿನಿಂದ ಅಪ್ಪ ಅವಳ ಜೊತೆ ಮಾತು ಬಿಟ್ಟಿದ್ದರು. ಫೋನ್ ಬಂದರೆ ಅಮ್ಮನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದರು.

ಜಾತಿ, ಭಾಷೆ, ಚಳಿ... ಇವೆಲ್ಲ ನೆಂಟರ ತಕರಾರು. ಅಪ್ಪನದು ಬೇರೆ.

ನಮ್ಮೂರು ಮದ್ದೂರು ತಾಲ್ಲೂಕಿನ ಆತಗೂರಿನ ಹತ್ತಿರ, ನಾಲೆಯ ಕೊನೆ ಭಾಗ. ಅಪ್ಪ ಜೀವಮಾನವೆಲ್ಲ ನೀರುಗಂಟಿ. ಯಾರ ಗದ್ದೆಗೆ ಯಾವತ್ತು, ಎಷ್ಟು ಹೊತ್ತು ನೀರು ಅಂತ ತೀರ್ಮಾನಿಸಿ ತಿರುಗಿಸುವ ಕೆಲಸ.

ಮೇಲಿನ ಊರಿನವರು ಕಟ್ಟಿಕೊಂಡ ಮೇಲೆ ಉಳಿದಿದ್ದನ್ನು ಹಂಚಿ, ಎಲ್ಲರ ಬೈಗುಳ ತಿಂದವರು. ಹಾಗಾಗಿ ಅವರದು ಒಂದೇ ಹಟ: ಹೆಣ್ಣುಮಕ್ಕಳನ್ನು ಕೊನೆ ಭಾಗದ ಊರಿಗೆ ಕೊಡಬಾರದು.

ನನ್ನ ಮದುವೆಗೆ ಮುಂಚೆ ಗಂಡಿನ ಮನೆ ನೋಡಲು ಹೋದವರು ನೇರ ಗದ್ದೆಗೆ ಹೋಗಿ ತೂಬು ನೋಡಿ ಬಂದಿದ್ದರು. ಹುಡುಗ ಹೆಂಗವ್ನೆ ಅಂತ ಅಮ್ಮ ಕೇಳಿದರೆ "ನೀರು ಚೆನ್ನಾಗದೆ ಕಣಮ್ಮಿ" ಅಂದರಂತೆ! ನನ್ನ ಗಂಡ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾರೆ.

ಇನ್ನು ಲೇಹ್... ದೇಶದ ತುತ್ತತುದಿ. ಅಲ್ಲಿ ಮಳೆಯೇ ಬರುವುದಿಲ್ಲ ಅಂತ ಯಾರೋ ಪುಣ್ಯಾತ್ಮರು ಅಪ್ಪನ ಕಿವಿಗೆ ಹಾಕಿದ್ದರು ಬೇರೆ. "ಮ್ಯಾಪಲ್ಲೇ ಕೊನೆ ಭಾಗ ಕಣವ್ವ ಅದು" ಅಂತ ನನ್ನ ಹತ್ತಿರ ಸಂಕಟಪಟ್ಟಿದ್ದರು.

ನಾಮ್‌ಗ್ಯಾಲ್‌ಗೆ ರಜೆ ಸಿಗಲಿಲ್ಲ. ಅವನ ತಂದೆಯೇ ರಶ್ಮಿಯ ಜೊತೆ ಬಂದರು. ಎಪ್ಪತ್ತು ದಾಟಿದವರು, ಮದ್ದೂರಿನ ಸೆಖೆಗೆ ಮುಖವೆಲ್ಲ ಕೆಂಪು. ಜಗಲಿಯಲ್ಲಿ ಕೂರಿಸಿ ಚೊಂಬಿನಲ್ಲಿ ನೀರು ಕೊಟ್ಟೆವು.

ಅಪ್ಪನ ಪ್ರಶ್ನೆಯನ್ನು ರಶ್ಮಿ ಹೆದರುತ್ತಲೇ ಹಿಂದಿಯಲ್ಲಿ ಹೇಳಿದಳು. ಅವರು ನಕ್ಕರು.

ಚೊಂಬು ಹಿಡಿದು ಅಂಗಳಕ್ಕಿಳಿದರು. ಕುಕ್ಕರಗಾಲಲ್ಲಿ ಕೂತು, ಮಣ್ಣು ಗುಡ್ಡೆ ಮಾಡಿ, ಅದರ ಪಕ್ಕ ಸ್ವಲ್ಪ ನೀರು ಸುರಿದರು. ಬೆರಳಿನಿಂದ ದಾರಿ ಮಾಡಿಕೊಡುತ್ತಾ ಹೇಳತೊಡಗಿದರು.

ಗುಡ್ಡದ ಮೇಲೆ ಹಳೇ ಅರಮನೆ. ಕೆಳಗೆ ಗೋಡೆ ಕಟ್ಟಿದ ಪುಟ್ಟ ಊರು. ಗೋಡೆಯಾಚೆ ಬಜಾರು... ಯಾರ್ಕಂದ್, ಟಿಬೆಟ್, ಕಾಶ್ಮೀರದಿಂದ ಕುದುರೆಗಳ ಮೇಲೆ ಸರಕು ಬರುತ್ತಿದ್ದ ಕಾಲ. ಹಿಮ ಕರಗಿದ ನೀರು ಬಾರ್ಲಿ ಹೊಲಕ್ಕೆ, ಆ ಕುದುರೆಗಳ ಮೇವಿಗೆ. ಇವರ ತಾತ ಮೇವು ಬೆಳೆದು ವ್ಯಾಪಾರಿಗಳಿಗೆ ಮಾರುತ್ತಿದ್ದರಂತೆ.

ಆಮೇಲೆ ಗಡಿ ಮುಚ್ಚಿತು. ಕುದುರೆಗಳು ನಿಂತವು, ಬಜಾರು ಬಿಕೋ ಅಂದಿತು. ಸೈನ್ಯ ಬಂತು, ಅದರ ಹಿಂದೆ ರಸ್ತೆ, ಲಾರಿ, ವಿಮಾನ. ನೀರಿನ ಒಂದು ಕವಲು ಅತ್ತ ಹೋಯಿತು.

ಕೊನೆಗೆ ಟೂರಿಸ್ಟ್‌ಗಳು. ಹೊಲಗಳಲ್ಲಿ ಗೆಸ್ಟ್ ಹೌಸ್ ಎದ್ದವು. ಈಗ ನೀರೆಲ್ಲ ಬಾತ್‌ರೂಮಿಗೆ, ಸಾಲದ್ದಕ್ಕೆ ಬೋರ್‌ವೆಲ್ಲು.

ಅಪ್ಪ ಯಾವಾಗ ಜಗಲಿ ಇಳಿದು ಅವರೆದುರು ಕೂತರೋ ನಾನು ನೋಡಲೇ ಇಲ್ಲ.

"ಅದ್ಸರಿ... ಈ ನೀರ್ನ ಹಂಚೋರ್ಯಾರು?"

ಪ್ರತಿ ವರ್ಷ ಊರವರು ಒಬ್ಬರನ್ನು ಆರಿಸುತ್ತಾರಂತೆ, ಸರದಿ ಪ್ರಕಾರ ನೀರು ಬಿಡಲು. ಚುರ್ಪೋನ್ ಅಂತಾರಂತೆ. ಅಷ್ಟು ಹೇಳಿ ಅವರು ತಮ್ಮ ಎದೆ ಮುಟ್ಟಿ ತೋರಿಸಿದರು.

ಅಪ್ಪ ನನ್ನ ಮುಖ ನೋಡಿದರು. "ನೀರ್ಗಂಟಿ ಕಣವ್ವ ಇವ್ರು!"

ಆಮೇಲೆ ಸ್ವಲ್ಪ ಹೊತ್ತು ಅನುವಾದವೇ ಬೇಕಾಗಲಿಲ್ಲ. ಒಬ್ಬರು ಮಣ್ಣಿಟ್ಟು ನೀರು ಕಟ್ಟುವುದು, ಇನ್ನೊಬ್ಬರು ಒಡೆಯುವುದು. ಮೇಲಿನವರು ಹೇಗೆ ಕದಿಯುತ್ತಾರೆ ಅಂತ ಅಪ್ಪ ತೋರಿಸಿದರೆ, ಅವರು ತೊಡೆ ತಟ್ಟಿಕೊಂಡು ನಕ್ಕು ಅದನ್ನೇ ಮಾಡಿ ತೋರಿಸಿದರು.

ಅಮ್ಮ ಇನ್ನೊಂದು ಚೊಂಬು ನೀರು ತಂದಿಟ್ಟು, "ಬಟ್ಟೆಯೆಲ್ಲ ಕೆಸ್ರು ಮಾಡ್ಕತಾವ್ರೆ, ಒಳ್ಳೆ ಮಕ್ಳಂಗೆ" ಅಂತ ಗೊಣಗಿದರು.

"ಹೊಲ್ವೇ ಇಲ್ವಲ್ಲ, ಈಗೇನ್ ಮಾಡ್ತೀರಿ ಮತ್ತೆ?" ಅಪ್ಪ ಕೇಳಿದರು.

ನಾಲ್ಕೈದು ಹೊಲ ಉಳಿದಿವೆಯಂತೆ. ಈಗಲೂ ಚಳಿಗಾಲ ಕಳೆದ ಕೂಡಲೇ ಇವರೇ ಹೋಗಿ ಕಾಲುವೆಯ ಕಲ್ಲು ತೆಗೆಯುತ್ತಾರಂತೆ. ತೀರಾ ಕೊನೆ ಭಾಗದ್ದು ಗಂಡ ಸತ್ತ ಒಬ್ಬ ಮುದುಕಿಯ ಹೊಲ. ವರ್ಷದ ಮೊದಲ ನೀರು ಅವಳಿಗೇ ಬಿಡುವುದಂತೆ.

ರಶ್ಮಿ ಅದನ್ನು ಕನ್ನಡದಲ್ಲಿ ಹೇಳಿದಳು. ಅಪ್ಪ ಕೆಸರುಗೈಯನ್ನು ಪಂಚೆಗೆ ಒರೆಸಿಕೊಂಡು, ಐದು ತಿಂಗಳಲ್ಲಿ ಮೊದಲ ಸಲ ಅವಳ ಕಡೆ ತಿರುಗಿದರು.

"ಮನೆ ನೋಡಕ್ಕೆ ನಾವ್ಯಾವಾಗ ಬರ್ಬೇಕು ಅಂತ ಕೇಳವ್ವ."

ನಮ್ಮ ಕಡೆ ಹೆಣ್ಣಿನವರು ಗಂಡಿನ ಮನೆ ನೋಡಲು ಹೊರಟರೆ ಅರ್ಧ ಮದುವೆ ಆದ ಹಾಗೆ. ರಶ್ಮಿ ಅಳುತ್ತಿದ್ದಳು. ನಾನೇ ನನ್ನ ಹರಕು ಹಿಂದಿಯಲ್ಲಿ ಕೇಳಿದೆ.

ಜೂನ್‌ನಲ್ಲಿ ಹೊರಡುತ್ತಿದ್ದೇವೆ. ಅಪ್ಪ ಪ್ಯಾಂಟ್ ಹಾಕಲು ಸುತಾರಾಂ ಒಪ್ಪುತ್ತಿಲ್ಲ. ಲೇಹ್‌ಗೆ ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ, ಪಂಚೆಯ ಒಳಗೆ ಏನು ಹಾಕಿಸಿ ಕರೆದುಕೊಂಡು ಹೋಗಲಿ?