ಹಾರದ ಜೊತೆ ಹೊಳೆಗೆ ಹೋದ ರಿಮೋಟ್

೨೦೦೧ರಲ್ಲಿ ಬೆಳಗಾವಿಯ ಸದಾಶಿವನಗರದ ನಮ್ಮ ಮನೆಯ ಮುಂದಿನ ಕೋಣೆಯೇ ನಮ್ಮವರ ಅಂಗಡಿ. ಬೈಕುಗಳಿಗೆ ಸೀಟ್ ಕವರ್, ಹಾರ್ನ್, ಅಲಾರ್ಮ್ ಹಾಕಿಕೊಡುತ್ತಿದ್ದರು. ನಾನು ಗೃಹಿಣಿ. ಕಾನ್ವೆಂಟಿನಲ್ಲಿ ಕಲಿತವಳೆಂದು ಸಾಮಾನಿನ ಡಬ್ಬಿಯೊಳಗಿನ ಇಂಗ್ಲಿಷ್ ಸೂಚನೆಯ ಚೀಟಿಗಳನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಲೆ ಸಣ್ಣಗೆ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದರೆ ಅದೇ ನನ್ನ ಡ್ಯೂಟಿ.

ಜೂನ್ ತಿಂಗಳ ಒಂದು ರವಿವಾರ ಖಾನಾಪುರದ ಪರಶುರಾಮ ಟೆಂಪೊದಲ್ಲಿ ಹಳೆಯ ಮೋಟರ್‌ಸೈಕಲ್ ಹೇರಿಕೊಂಡು ಬಂದರು. ಹಂಚಿನ ಕಾರ್ಖಾನೆಯ ನೌಕರ. ಗಾಡಿಗೆ ಮೊದಲಿನ ಮಾಲೀಕರು ಅಲಾರ್ಮ್ ಹಾಕಿಸಿದ್ದರು. ರಿಮೋಟ್ ಒತ್ತದೆ ಕೀಲಿ ತಿರುಗಿಸಿದರೆ ಸೈರನ್ ಕೂಗುತ್ತದೆ, ಇಂಜಿನ್ ಹತ್ತುವುದಿಲ್ಲ. ಗಾಡಿ ಕೊಂಡು ಪೂಜೆ ಮಾಡಿದ ದಿನ ಪರಶುರಾಮ ರಿಮೋಟಿಗೂ ಕುಂಕುಮ ಹಚ್ಚಿ ಹ್ಯಾಂಡಲಿನ ಹಾರಕ್ಕೆ ಸಿಕ್ಕಿಸಿದ್ದರಂತೆ. ಹೂವು ಕಾಲಿಗೆ ಸಿಗಬಾರದೆಂದು ಅವರ ತಾಯಿ ಮರುದಿನ ಬಾಡಿದ ಹಾರವನ್ನು ಹಾಗೆಯೇ ಎತ್ತಿಕೊಂಡು ಹೋಗಿ ಮಲಪ್ರಭೆಗೆ ಬಿಟ್ಟು ಬಂದಿದ್ದರು.

ಪರಶುರಾಮರ ಹೆಂಡತಿ ಕಾಡಂಚಿನ ಹಳ್ಳಿಯೊಂದರಲ್ಲಿ ಶಿಕ್ಷಕಿ. ಹೆರಿಗೆ ರಜೆ ಮುಗಿದು ಸೋಮವಾರ ಶಾಲೆಗೆ ಹಾಜರಾಗಬೇಕಿತ್ತು. ಆ ಊರಿಗೆ ಇದ್ದದ್ದು ವಸ್ತಿ ಬಸ್ ಒಂದೇ. ಸಂಜೆ ಹೋಗಿ, ರಾತ್ರಿ ಅಲ್ಲೇ ನಿಂತು ಬೆಳಿಗ್ಗೆ ತಿರುಗಿ ಬರುವಂಥದ್ದು. ಗಾಡಿ ಇಲ್ಲದಿದ್ದರೆ ಅವರು ಅಲ್ಲೇ ಉಳಿಯಬೇಕು, ಐದು ತಿಂಗಳ ಕೂಸು ಅಜ್ಜಿಯ ಹತ್ತಿರ ಇರಬೇಕು.

ಅದೇ ಕಂಪನಿಯ ರಿಮೋಟ್ ನಮ್ಮಲ್ಲಿತ್ತು. ಆದರೆ ಅದನ್ನು ಗಾಡಿ ಗುರುತು ಹಿಡಿಯುವಂತೆ ಮಾಡಬೇಕು. ಇದಕ್ಕೆ ಪ್ರೋಗ್ರಾಮಿಂಗ್ ಎನ್ನುತ್ತಾರೆ. ಕೀಲಿ ತಿರುಗಿಸಿ ಸೀಟಿನ ಕೆಳಗಿನ ಸಣ್ಣ ಬಟನ್ ಒತ್ತಿದರೆ ಕೆಂಪು ದೀಪ ಹತ್ತುತ್ತದೆ. ಅದು ಇರುವುದು ಹತ್ತೇ ಸೆಕೆಂಡು, ಅಲ್ಲಿಯವರೆಗೆ ಮಾತ್ರ ಸೈರನ್ ಸುಮ್ಮನಿರುತ್ತದೆ. ಅಷ್ಟರೊಳಗೆ ರಿಮೋಟಿನ ಎರಡೂ ಬಟನ್ ಕೂಡಿಸಿ ಒತ್ತಿ, ಬಿಟ್ಟು, ಮತ್ತೆ ಮೇಲಿನದೊಂದನ್ನೇ ಒತ್ತಬೇಕು.

ನಾನು ಚೀಟಿ ಓದಿ ಹೇಳಿ, ನಮ್ಮಲ್ಲಿ ವೈರಿಂಗ್ ಮಾಡುವ ಇಸ್ಮಾಯಿಲ್‌ಭಾಯಿ ಮೂರು ಸಲ ಒತ್ತಿದರೂ ದೀಪ ಆರಿಹೋಗಿ ಸೈರನ್ ಕೂಗಿತು. ಎದುರು ಮನೆಯವರು ಕಿಟಕಿ ಮುಚ್ಚಿಕೊಂಡರು. ಒಳಗಿನ ಸರ್ಕಿಟ್ಟೇ ಸುಟ್ಟಿರಬೇಕು, ಮುಂಬೈಯಿಂದ ತರಿಸಲು ವಾರ ಹಿಡಿಯುತ್ತದೆ ಎಂದರು ನಮ್ಮವರು. ಪರಶುರಾಮ ಕಟ್ಟೆಯ ಮೇಲೆ ಕುಳಿತುಬಿಟ್ಟರು.

ನನ್ನ ಕಣ್ಣು ಇಸ್ಮಾಯಿಲ್‌ಭಾಯಿಯ ಹೆಬ್ಬೆರಳ ಮೇಲಿತ್ತು. ನಾನು ಇಂಗ್ಲಿಷ್ ಓದಿ ಕನ್ನಡದಲ್ಲಿ ಹೇಳಿದಾಗಲೇ ಅದು ಅಲುಗಾಡಿ ನಿಲ್ಲುತ್ತಿತ್ತು. ನಮ್ಮವರು ಅದನ್ನೇ ತಮ್ಮ ಹರಕು ಉರ್ದುವಿನಲ್ಲಿ ಮತ್ತೊಮ್ಮೆ ಹೇಳಿದ ಮೇಲಷ್ಟೇ ಬಟನ್ ಮುಟ್ಟುತ್ತಿತ್ತು. ಇಸ್ಮಾಯಿಲ್‌ಭಾಯಿಗೆ ನಮ್ಮಷ್ಟೇ ಚೆನ್ನಾಗಿ ಕನ್ನಡ ಬರುತ್ತಿತ್ತು. ಆದರೆ ನಾನು ಕೆಲಸಗಾರರಿಗೆ ನೇರವಾಗಿ ಹೇಳುವುದಾಗಲಿ, ಅವರು ಮಾಲೀಕರ ಮಾತಿಗೆ ಮೊದಲೇ ಕೈಹಾಕುವುದಾಗಲಿ ನಮ್ಮ ಅಂಗಡಿಯ ರೀತಿಯಲ್ಲಿರಲಿಲ್ಲ. ಹತ್ತು ಸೆಕೆಂಡು ಮರ್ಯಾದೆಗೇ ಖರ್ಚಾಗುತ್ತಿತ್ತು.

"ರೀ, ಈ ಸಲ ನೀವು ಕೀಲಿ ಹಿಡೀರಿ. ಇಸ್ಮಾಯಿಲ್‌ಭಾಯಿಗೆ ನಾ ಸೀದಾ ಹೇಳ್ತೀನಿ" ಎಂದೆ.

"ಹಂಗಾರ ಮಾಲಕ ಯಾರು, ನಾನೋ ನೀನೋ?"

"ಹತ್ತು ಸೆಕೆಂಡ್ ನಾನು. ಆಮ್ಯಾಲ ನೀವ."

ಇಸ್ಮಾಯಿಲ್‌ಭಾಯಿ ತಲೆ ತಗ್ಗಿಸಿ ನಕ್ಕರು. ಒಗ್ಗರಣೆಗೆ ಎಣ್ಣೆ ಕಾದ ಮೇಲೆ ಸಾಸಿವೆ ಡಬ್ಬಿ ಹುಡುಕುತ್ತ ಕೂರಲಾಗುವುದಿಲ್ಲ. ಚೀಟಿಯನ್ನು ಕೊನೆಯ ಸಾಲಿನವರೆಗೆ ಓದಿ, ಬಾಯಿಪಾಠ ಮಾಡಿಕೊಂಡು ಮಡಚಿಟ್ಟೆ. ದೀಪ ಹತ್ತಿತು.

"ಎರಡೂ ಒತ್ರಿ. ಬಿಡ್ರಿ. ಮ್ಯಾಲಿಂದು."

ಸೈರನ್ ಒಮ್ಮೆ ಚಿಕ್ಕದಾಗಿ ಕುಂಯ್ ಎಂದಿತು. ನಮ್ಮವರು ಕಿಕ್ ಹೊಡೆದರು, ಇಂಜಿನ್ ಹತ್ತಿತು. ಚೀಟಿಯ ಕೊನೆಯ ಸಾಲನ್ನೂ ಹೇಳಿದೆ: ಹೊಸದನ್ನು ಕಲಿತ ಗಾಡಿ ಹಳೆಯ ರಿಮೋಟುಗಳನ್ನೆಲ್ಲ ಮರೆಯುತ್ತದೆ.

"ಅಂದ್ರ ಇನ್ನ ಹೊಳ್ಯಾನ ಮೀನ ಒತ್ತಿದರೂ ಗಾಡಿ ಒದರೂದಿಲ್ಲ ಅನ್ರಿ ವೈನಿ" ಎಂದು ನನ್ನತ್ತ ತಿರುಗಿ ಪರಶುರಾಮ ಅವತ್ತು ಮೊದಲ ಸಲ ನಕ್ಕರು.

ಎಷ್ಟೇ ಸರಿಯಾಗಿ ಓದಿದರೂ, ಮಾತು ಕೆಲಸ ಮಾಡುವ ಕೈಗೆ ವೇಳೆಗೆ ಮುಟ್ಟದಿದ್ದರೆ ಪ್ರಯೋಜನವಿಲ್ಲ. ನನ್ನ ಆ ಪುಟ್ಟ ಕೆಲಸ ನನಗೆ ಕಲಿಸಿದ್ದು ಇದನ್ನೇ. ಮುಂದೆ ಇಸ್ಮಾಯಿಲ್‌ಭಾಯಿ "ಭಾಬಿ, ಇದೇನ ಬರದೈತಿ?" ಎಂದು ಚೀಟಿಯನ್ನು ನೇರವಾಗಿ ನನ್ನ ಕೈಗೇ ಕೊಡತೊಡಗಿದರು. ನಮ್ಮವರು ಬೇಡವೆನ್ನಲಿಲ್ಲ.

ಸೋಮವಾರ ಸಂಜೆ ಖಾನಾಪುರದ ಎಸ್‌ಟಿಡಿ ಬೂತಿನಿಂದ ಪರಶುರಾಮ ಫೋನ್ ಮಾಡಿದರು.

"ಐದೂವರಿಗೆ ಮನಿ ಮುಟ್ಟೇವ್ರಿ ವೈನಿ. ಮಾತಾಡಾಕ ಆಕಿನೂ ಬರಾಕಿದ್ಲು. ಕೂಸು ಬಿಡವಲ್ತು."